ಸೈನಿಕ ಬೂಟು ತೊಟ್ಟು ಓಡಿದ ಝಾಟೊಪೆಕ್

ಎಮಿಲ್ ಝಾಟೊಪೆಕ್ ಅವರು 1922ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಬಡಗಿಯೊಬ್ಬರ ಮಗನಾಗಿ ಜನಿಸಿದರು. ಹದಿಹರೆಯದಲ್ಲಿಯೇ ಝ್ಲಿನ್ ಪಟ್ಟಣದ ಬಾಟಾ ಪಾದರಕ್ಷೆ ಕಾರ್ಖಾನೆಯನ್ನು ಸೇರಿದ ಅವರು ಮೊದಲ ಬಾರಿ ಸ್ಪರ್ಧೆಗೆ ಇಳಿದದ್ದು ಅಲ್ಲಿನವರ ಒತ್ತಾಯಕ್ಕೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಸೇರಿ ಅಧಿಕಾರಿಯಾದರು.

ಸೈನ್ಯದ ಕರ್ತವ್ಯವನ್ನೂ ಓಟವನ್ನೂ ಅವರು ಒಟ್ಟಿಗೆ ನಿಭಾಯಿಸಿದರು. ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಹಿಮದಲ್ಲಿಯೂ ಭಾರವಾದ ಸೈನಿಕ ಬೂಟು ತೊಟ್ಟು ಓಡುತ್ತಿದ್ದರು. 400 ಮೀಟರ್ ವೇಗದ ಓಟ, ತುಸು ನಿಧಾನ, ಮತ್ತೆ ವೇಗ. ಹೀಗೆ ಒಂದೇ ದಿನ ಹತ್ತಾರು ಸುತ್ತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದ ಚಿನ್ನ ಅವರದಾಯಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ 5,000 ಮೀಟರ್, 10,000 ಮೀಟರ್ ಓಟಗಳನ್ನು ಗೆದ್ದು, ಅದುವರೆಗೆ ಒಮ್ಮೆಯೂ ಓಡದಿದ್ದ ಮ್ಯಾರಥಾನನ್ನೂ ಗೆದ್ದರು. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಇಂದಿಗೂ ಬೇರೊಬ್ಬರಿಲ್ಲ.

1968ರಲ್ಲಿ ಸೋವಿಯತ್ ನೇತೃತ್ವದ ಪಡೆಗಳು ದೇಶದೊಳಗೆ ನುಗ್ಗಿದಾಗ ಅವರು ಬಹಿರಂಗವಾಗಿ ವಿರೋಧಿಸಿದರು. ಅದರ ಫಲವಾಗಿ ಸೈನ್ಯದಿಂದ ಹೊರದೂಡಲ್ಪಟ್ಟು, ವರ್ಷಗಟ್ಟಲೆ ಕೂಲಿಯಂತೆ ದುಡಿದರು. ಕಳೆದ ಗೌರವ ಮರಳಿದ್ದು 1990ರಲ್ಲಿ. 2000ದ ನವೆಂಬರ್‌ನಲ್ಲಿ ಪ್ರಾಗ್ ನಗರದಲ್ಲಿ ನಿಧನರಾದರು.

ಶಾಲೆ ಬಿಟ್ಟ ಮೇಲೆ ಸಂಜೆಗತ್ತಲಿನಲ್ಲಿ ಮೈದಾನಕ್ಕೆ ಇಳಿಯುವ ನಮ್ಮ ಮಕ್ಕಳಿಗೆ ಈ ಬದುಕು ತಿಳಿದಿರಲಿ.