ಶಿವರಾಮ ಕಾರಂತ

ಕೋಟ ಶಿವರಾಮ ಕಾರಂತ (ಅಕ್ಟೋಬರ್ 10, 1902 – ಡಿಸೆಂಬರ್ 9, 1997) ಕನ್ನಡದ ಕಾದಂಬರಿಕಾರರು, ಯಕ್ಷಗಾನ ಸಂಶೋಧಕರು ಹಾಗೂ ಪರಿಸರ ಹೋರಾಟಗಾರರು. 1977ರ ಜ್ಞಾನಪೀಠ ಪ್ರಶಸ್ತಿ ಪುರಸ್ಕೃತರು. ಅವರು ರೂಪಿಸಿದ ಯಕ್ಷರಂಗ ಪ್ರಯೋಗಗಳ ಹಕ್ಕಿನ ಬಗ್ಗೆ ಅವರ ನಿಧನಾನಂತರ ನಡೆದ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಸಾಗಿತು. 2009ರಲ್ಲಿ ಬಂದ ಅದರ ತೀರ್ಪು ಭಾರತದ ಕೃತಿಸ್ವಾಮ್ಯ ಕಾನೂನಿನ ಅಧ್ಯಯನದಲ್ಲಿ ಮುಖ್ಯವಾದುದೆಂದು ಪರಿಗಣಿತವಾಗಿದೆ.

ಜೀವನ

ಕಾರಂತರು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯಿಂದ ಪ್ರಭಾವಿತರಾಗಿ ಓದನ್ನು ನಿಲ್ಲಿಸಿದರು. ಖಾದಿ ಪ್ರಚಾರ ಕೈಗೊಂಡರು, ‘ವಸಂತ’ ಎಂಬ ಮಾಸಪತ್ರಿಕೆ ನಡೆಸಿದರು. ಮುಂದೆ ಪುತ್ತೂರಿನಲ್ಲಿ ನೆಲೆಸಿ ಬಾಲವನವನ್ನು ಕಟ್ಟಿ, ಮಕ್ಕಳ ಶಿಕ್ಷಣದಲ್ಲಿ ಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ಲೀಲಾ ಆಳ್ವ ಅವರನ್ನು ವಿವಾಹವಾದರು. ಜೀವನದ ಕೊನೆಯ ದಶಕಗಳನ್ನು ಸಾಲಿಗ್ರಾಮದಲ್ಲಿ ಕಳೆದರು.

1968ರಲ್ಲಿ ದೊರೆತ ಪದ್ಮಭೂಷಣ ಪ್ರಶಸ್ತಿಯನ್ನು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಹಿಂದಿರುಗಿಸಿದರು. ಕೈಗಾ ಅಣು ವಿದ್ಯುತ್ ಸ್ಥಾವರದ ವಿರುದ್ಧ ಹೋರಾಡಿ, ಅದೇ ವಿಷಯವನ್ನು ಮುಂದಿಟ್ಟು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದರು.

ಸಾಹಿತ್ಯ

‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ‘ಅಳಿದ ಮೇಲೆ’, ‘ಮೂಕಜ್ಜಿಯ ಕನಸುಗಳು’ ಅವರ ಪ್ರಸಿದ್ಧ ಕಾದಂಬರಿಗಳು. ಮೂರು ಸಂಪುಟಗಳ ‘ಬಾಲ ಪ್ರಪಂಚ’ ಹಾಗೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ಗಳನ್ನು ಒಬ್ಬರೇ ರಚಿಸಿದರು. ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಅವರ ಆತ್ಮಕಥೆ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. 1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು.

ಯಕ್ಷರಂಗ

ಸಾಂಪ್ರದಾಯಿಕ ಯಕ್ಷಗಾನ ಬಯಲಾಟವು ರಾತ್ರಿಯಿಡೀ ನಡೆಯುವ ಕಲೆ. ಭಾಗವತರ ಹಾಡುಗಾರಿಕೆ, ಚಂಡೆ ಮದ್ದಳೆಗಳ ಹಿಮ್ಮೇಳ, ಪಾತ್ರಧಾರಿಗಳ ಆಶು ಮಾತುಗಾರಿಕೆ ಅದರ ಅಂಗಗಳು. ಕಾರಂತರು ಇದರ ಹಾಡು ಮತ್ತು ಕುಣಿತಗಳಿಗೆ ಪ್ರಾಧಾನ್ಯ ನೀಡಿ, ಮಾತನ್ನು ಕಡಿಮೆ ಮಾಡಿ, ಕೆಲವೇ ಗಂಟೆಗಳಲ್ಲಿ ಮುಗಿಯುವ ನೃತ್ಯನಾಟಕವನ್ನು ರೂಪಿಸಿದರು. ಪಿಟೀಲು, ಸ್ಯಾಕ್ಸೋಫೋನ್ ಮುಂತಾದ ವಾದ್ಯಗಳನ್ನು ಹಿಮ್ಮೇಳಕ್ಕೆ ಸೇರಿಸಿದರು. ಈ ಪ್ರಯೋಗಗಳು ಯಕ್ಷರಂಗ ಎಂದು ಹೆಸರಾದವು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದ ಯಕ್ಷಗಾನ ಕೇಂದ್ರದೊಂದಿಗೆ ಅವರಿಗೆ ನಿಕಟ ಸಂಬಂಧವಿತ್ತು. ಭೀಷ್ಮ ವಿಜಯ, ನಳ ದಮಯಂತಿ, ಪಂಚವಟಿ, ಅಭಿಮನ್ಯು ವಧೆ ಮೊದಲಾದ ಏಳು ಪ್ರಸಂಗಗಳು ಮುಂದೆ ವಿವಾದದ ವಸ್ತುವಾದವು.

ಉಯಿಲು ಮತ್ತು ಮೊಕದ್ದಮೆ

ಕಾರಂತರು 1994ರ ಜೂನ್ 18ರಂದು ಉಯಿಲು ಬರೆದು, ತಮ್ಮ ಸಾಹಿತ್ಯ ಕೃತಿಗಳ ಹಕ್ಕನ್ನು ತಮ್ಮ ದೀರ್ಘಕಾಲದ ಸಹಾಯಕಿ ಬಿ. ಮಾಲಿನಿ ಮಲ್ಯ ಅವರಿಗೆ ನೀಡಿದರು. ಪ್ರತ್ಯೇಕವಾಗಿ ಹೆಸರಿಸದ ಉಳಿದ ಆಸ್ತಿಯೂ ಅವರಿಗೇ ಸೇರಬೇಕೆಂಬ ಷರತ್ತು ಅದರಲ್ಲಿತ್ತು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯ ತಂಡವು ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಪ್ರದರ್ಶಿಸಿತು. ತಮ್ಮ ಅನುಮತಿ ಪಡೆದಿಲ್ಲವೆಂದು ಮಾಲಿನಿ ಮಲ್ಯ ಅವರು ನ್ಯಾಯಾಲಯದ ಮೊರೆ ಹೋದರು. ಕಾರಂತರು ತನ್ನ ಕೇಂದ್ರದ ನಿರ್ದೇಶಕರಾಗಿ, ತನ್ನ ಹಣ ಮತ್ತು ಕಲಾವಿದರ ನೆರವಿನಿಂದ ಈ ಪ್ರಯೋಗಗಳನ್ನು ಸಿದ್ಧಪಡಿಸಿದ್ದರಿಂದ ಹಕ್ಕು ತನಗೆ ಸೇರಿದ್ದೆಂಬುದು ಸಂಸ್ಥೆಯ ವಾದವಾಗಿತ್ತು. ಕಾರಂತರ ಕಲೆಯನ್ನು ಅವರೊಡನೆ ಬೆಳೆಸಿದ ಸಂಸ್ಥೆಗೆ ಅದನ್ನು ಮುಂದುವರಿಸಲು ಸಾಧ್ಯವೇ, ಅಥವಾ ಕರ್ತೃವು ಆರಿಸಿದ ವ್ಯಕ್ತಿಯ ಮಾತೇ ಅಂತಿಮವೇ ಎಂಬುದು ಇಲ್ಲಿನ ಪ್ರಶ್ನೆಯಾಗಿತ್ತು.

ಕೆಳಗಿನ ನ್ಯಾಯಾಲಯಗಳು ಮಾಲಿನಿ ಮಲ್ಯ ಅವರ ಪರವಾಗಿ ತೀರ್ಪು ನೀಡಿದವು. ಸಂಸ್ಥೆಯ ಮೇಲ್ಮನವಿಯ ಕುರಿತು ಸರ್ವೋಚ್ಚ ನ್ಯಾಯಾಲಯವು 2009ರ ಜನವರಿ 23ರಂದು ತೀರ್ಪಿತ್ತಿತು. ಸಾಹಿತ್ಯ ಕೃತಿ ಮತ್ತು ನಾಟಕ ಕೃತಿ ಕಾನೂನಿನಲ್ಲಿ ಬೇರೆ ಬೇರೆ ವರ್ಗಗಳೆಂದು ಅದು ಸ್ಪಷ್ಟಪಡಿಸಿತು. ನೃತ್ಯ ಸಂಯೋಜನೆ ಮತ್ತು ಅಭಿನಯದ ರೂಪವು ನಾಟಕ ಕೃತಿಯ ವ್ಯಾಪ್ತಿಗೆ ಬರುವುದರಿಂದ, ಉಯಿಲಿನ ಸಾಹಿತ್ಯ ಕೃತಿಗಳ ಕುರಿತ ಮಾತಷ್ಟೇ ಇದಕ್ಕೆ ಸಾಲದು. ಆದರೆ ಉಳಿದ ಆಸ್ತಿಯ ಕುರಿತ ಷರತ್ತಿನ ಮೂಲಕ ಆ ಹಕ್ಕೂ ಮಾಲಿನಿ ಮಲ್ಯ ಅವರಿಗೆ ಸೇರಿದೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಜೊತೆಗೆ, ಕಾನೂನೇ ನೀಡಿರುವ ವಿನಾಯಿತಿಗಳಿಗೆ ಪ್ರತಿಬಂಧಕಾಜ್ಞೆ ಅಡ್ಡಿಯಾಗದು ಎಂದೂ ತಿಳಿಸಿತು.

ಕೃತಿಸ್ವಾಮ್ಯದ ಮುಖ್ಯ ಪರಿಕಲ್ಪನೆಗಳು

ಬೌದ್ಧಿಕ ಆಸ್ತಿಯಲ್ಲಿ ಪೇಟೆಂಟು, ವ್ಯಾಪಾರ ಚಿಹ್ನೆ, ಭೌಗೋಳಿಕ ಸೂಚಿಕೆ ಮುಂತಾದ ವಿಧಗಳಿವೆ. ಗ್ರಂಥ ಮತ್ತು ಕಲಾಕೃತಿಗಳಿಗೆ ಅನ್ವಯಿಸುವುದು ಕೃತಿಸ್ವಾಮ್ಯ. ಭಾರತದಲ್ಲಿ ಇದನ್ನು 1957ರ ಕೃತಿಸ್ವಾಮ್ಯ ಅಧಿನಿಯಮವು ನಿಯಂತ್ರಿಸುತ್ತದೆ.

ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗೆ ಮಾತ್ರ ಉಂಟು. ಅಭಿಮನ್ಯುವಿನ ಕಥೆಯಾಗಲಿ, ಯಕ್ಷಗಾನ ಪ್ರಕಾರವಾಗಲಿ ಯಾರೊಬ್ಬರ ಸೊತ್ತೂ ಅಲ್ಲ. ಕಾರಂತರು ಅದಕ್ಕೆ ನೀಡಿದ ನಿರ್ದಿಷ್ಟ ರೂಪವಷ್ಟೇ ಅವರದು. ಚಾಮರಾಜನಗರ ಜಿಲ್ಲೆಯಲ್ಲಿ ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ ಕಾವ್ಯದ ಉದಾಹರಣೆಯಿಂದಲೂ ಇದನ್ನು ಅರಿಯಬಹುದು. ಪರಂಪರೆಯಿಂದ ಬಂದ ಆ ಕಥೆಯನ್ನು ಆಧರಿಸಿ ಯಾರು ಬೇಕಾದರೂ ನಾಟಕ ಬರೆಯಬಹುದು. ಹಾಗೆ ಬರೆದ ಹೊಸ ನಾಟಕದ ಹಕ್ಕು ಅದರ ಕರ್ತೃವಿನದು. ಹಾಡುವ ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ ಪ್ರತ್ಯೇಕವಾದ ಪ್ರದರ್ಶಕನ ಹಕ್ಕಿದೆ.

ಕೃತಿಯನ್ನು ಮುದ್ರಿಸುವ, ಅನುವಾದಿಸುವ, ಪ್ರದರ್ಶಿಸುವ ಮತ್ತು ಚಲನಚಿತ್ರವಾಗಿ ರೂಪಾಂತರಿಸುವ ಹಕ್ಕುಗಳು ಬೇರೆ ಬೇರೆ. ಕಾದಂಬರಿಯ ಪ್ರತಿಯನ್ನು ಕೊಂಡವನು ಆ ಪುಸ್ತಕದ ಒಡೆಯನಾಗುತ್ತಾನೆಯೇ ಹೊರತು ಈ ಹಕ್ಕುಗಳ ಒಡೆಯನಾಗುವುದಿಲ್ಲ. ‘ಚೋಮನ ದುಡಿ’ (1975), ‘ಬೆಟ್ಟದ ಜೀವ’ (2011), ‘ಮೂಕಜ್ಜಿಯ ಕನಸುಗಳು’ (2019) ಚಲನಚಿತ್ರಗಳು ಇಂತಹ ರೂಪಾಂತರಗಳು.

ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. ಕೃತಿ ರಚನೆಯಾದೊಡನೆ ಹಕ್ಕು ಹುಟ್ಟುತ್ತದೆ. ಅದನ್ನು ಬೇರೊಬ್ಬರಿಗೆ ವಹಿಸಿಕೊಡುವ ಒಪ್ಪಂದವು ಬರವಣಿಗೆಯಲ್ಲಿರಬೇಕು. ಆರ್ಥಿಕ ಹಕ್ಕನ್ನು ವಹಿಸಿಕೊಟ್ಟ ನಂತರವೂ, ಕೃತಿಯು ತನ್ನದೆಂದು ಹೇಳಿಕೊಳ್ಳುವ ಮತ್ತು ತನ್ನ ಗೌರವಕ್ಕೆ ಕುಂದಾಗುವಂತೆ ಅದನ್ನು ವಿಕೃತಗೊಳಿಸುವುದನ್ನು ತಡೆಯುವ ನೈತಿಕ ಹಕ್ಕು ಕರ್ತೃವಿನಲ್ಲಿ ಉಳಿಯುತ್ತದೆ.

ವಿನಾಯಿತಿಗಳು

ಅಧಿನಿಯಮದ 52ನೆಯ ಪ್ರಕರಣವು ಅಧ್ಯಯನ, ವಿಮರ್ಶೆ ಮೊದಲಾದ ಉದ್ದೇಶಗಳಿಗೆ ಕೃತಿಯ ನ್ಯಾಯೋಚಿತ ಬಳಕೆಯನ್ನು ಅನುಮತಿಸುತ್ತದೆ. ಗುಂಡ್ಲುಪೇಟೆಯ ಶಾಲೆಯೊಂದು ತನ್ನ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳಿಂದಲೇ ಇಂತಹ ಪ್ರಸಂಗವನ್ನು ಆಡಿಸಿ, ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಪೋಷಕರಿಗೆ ಸೀಮಿತರಾಗಿದ್ದರೆ ಅದು ಹಕ್ಕಿನ ಉಲ್ಲಂಘನೆಯಾಗದು. ಹವ್ಯಾಸಿ ಸಂಘವು ಹಣ ಪಡೆಯದೆ ನೀಡುವ ಪ್ರದರ್ಶನಕ್ಕೂ ವಿನಾಯಿತಿ ಇದೆ. ಅದೇ ಪ್ರಸಂಗವನ್ನು ಸಾರ್ವಜನಿಕರಿಗೆ ಟಿಕೆಟ್ ಇಟ್ಟು ಆಡಿಸಬೇಕಾದರೆ ಹಕ್ಕುದಾರರ ಅನುಮತಿ ಅಗತ್ಯ.

ಹಕ್ಕಿನ ಅವಧಿ

ಭಾರತದಲ್ಲಿ ಕರ್ತೃವಿನ ಜೀವಿತಾವಧಿಯಲ್ಲಿ ಪ್ರಕಟವಾದ ಸಾಹಿತ್ಯ ಹಾಗೂ ನಾಟಕ ಕೃತಿಗಳ ಕೃತಿಸ್ವಾಮ್ಯವು ಅವರ ನಿಧನದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಮೊದಲು ಇದು 50 ವರ್ಷವಿತ್ತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಲಿದ್ದ ಸಂದರ್ಭದಲ್ಲಿ ಅವಧಿಯನ್ನು ವಿಸ್ತರಿಸಲಾಯಿತು. ಈ ಲೆಕ್ಕದಂತೆ, ಕಾರಂತರ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಗಳ ಹಕ್ಕು 2057ರ ಡಿಸೆಂಬರ್ 31ರವರೆಗೆ ಇರುತ್ತದೆ. ಅನಂತರ ಅವು ಸಾರ್ವಜನಿಕ ಸ್ವತ್ತಾಗುತ್ತವೆ.