ಬೆಳೆಗೂ ದೋಣಿಗೂ ಒಂದೇ ನೀರು

ಗೋದಾವರಿ ಬಯಲಿನ ರೈತರು ಇಂದಿಗೂ ನೆನೆಯುವ ಸರ್ ಆರ್ಥರ್ ಕಾಟನ್ 1803ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, 1821ರಲ್ಲಿ ಇಂಜಿನಿಯರಾಗಿ ಮದರಾಸಿಗೆ ಬಂದರು. ಮರಳು ತಳದ ಮೇಲೂ ಅಣೆಕಟ್ಟು ನಿಲ್ಲುವುದೆಂದು ಕಾವೇರಿಯ ಚೋಳರ ಕಲ್ಲಣೆಯಿಂದ ಕಲಿತರು.

1832-33ರ ಬರದಲ್ಲಿ ಗೋದಾವರಿ ಸೀಮೆಯ ಜನ ಹಸಿವಿನಿಂದ ಸತ್ತರು. ನದಿಯ ನೀರು ಮಾತ್ರ ಕಡಲು ಸೇರುತ್ತಿತ್ತು. ಕಾಟನ್ನರ ಯೋಜನೆಯಂತೆ ರಾಜಮಹೇಂದ್ರಿ ಬಳಿಯ ಧವಳೇಶ್ವರದಲ್ಲಿ 1847ರಿಂದ 1852ರವರೆಗೆ ಅಣೆಕಟ್ಟು ಕಟ್ಟಲಾಯಿತು. ಕಾಲುವೆಗಳು ಗದ್ದೆಗೆ ನೀರುಣಿಸಿದವು, ದೋಣಿಗಳಿಗೂ ದಾರಿಯಾದವು. ಮಟ್ಟ ತಗ್ಗುವ ಕಡೆ ಲಾಕುಗಳಿದ್ದವು: ಎರಡು ಬಾಗಿಲುಗಳ ನಡುವಣ ತೊಟ್ಟಿಗೆ ನೀರು ತುಂಬಿದರೆ ದೋಣಿ ಏರುತ್ತದೆ, ಹೊರಬಿಟ್ಟರೆ ಇಳಿಯುತ್ತದೆ. ಹೀಗೆ ಭತ್ತ ಕಡಿಮೆ ಬಾಡಿಗೆಯಲ್ಲಿ ಪೇಟೆ ಸೇರಿತು.

ಕಾಟನ್ 1899ರಲ್ಲಿ ತೀರಿಕೊಂಡರು. 1982ರಲ್ಲಿ ಮುಗಿದ ಹೊಸ ಬ್ಯಾರೇಜಿಗೆ ಅವರದೇ ಹೆಸರಿದೆ. ಬೆಳೆದರೆ ಸಾಲದು, ಬೆಳೆದದ್ದು ಮಾರುಕಟ್ಟೆ ಮುಟ್ಟಬೇಕೆಂಬುದೇ ಅವರ ಬಾಳಿನ ಪಾಠ.