ಭಾರತದ ಪ್ರಥಮ ವಿಮಾನ ಚಾಲನಾ ಪರವಾನಗಿ ಪಡೆದ ಶ್ರೀ ಜೆ.ಆರ್.ಡಿ. ಟಾಟಾ ಅವರ ಜೀವನ ಪರಿಚಯ

ವಿಮಾನ ಚಾಲನಾ ತರಬೇತಿಯನ್ನು ಬಯಸಿ ಅರ್ಜಿ ಸಲ್ಲಿಸುವವರು ವೈದ್ಯಕೀಯ ತಪಾಸಣೆಗೆ ಒಳಪಡಬೇಕು, ನಿಗದಿತ ಗಂಟೆಗಳ ಹಾರಾಟವನ್ನು ಪೂರೈಸಬೇಕು ಹಾಗೂ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಬೇಕು. ಅನಂತರವೇ ಪರವಾನಗಿ ಲಭಿಸುತ್ತದೆ. ಈ ಕ್ರಮವು ಇಂದು ನಿನ್ನೆಯದಲ್ಲ. ನಮ್ಮ ದೇಶದಲ್ಲಿ ನೀಡಲಾದ ವಿಮಾನ ಚಾಲನಾ ಪರವಾನಗಿಗಳ ಪೈಕಿ ಒಂದನೇ ಸಂಖ್ಯೆಯದನ್ನು ಪಡೆದವರೂ ಇದೇ ಬಗೆಯ ಕ್ರಮವನ್ನು ಅನುಸರಿಸಿಯೇ ಪಡೆದರು. ಅವರೇ ಶ್ರೀ ಜೆ.ಆರ್.ಡಿ. ಟಾಟಾ ಅವರು. ಕೈಗಾರಿಕೋದ್ಯಮಿಯಾಗಿ ಅವರ ಹೆಸರನ್ನು ಕೇಳದವರು ವಿರಳ. ಆದರೆ ಫ್ಲೈಯಿಂಗ್ ಕ್ಲಬ್‌ನ ಒಬ್ಬ ಸಾಮಾನ್ಯ ಸದಸ್ಯರಾಗಿ ಅವರ ಸಾರ್ವಜನಿಕ ಜೀವನ ಆರಂಭವಾದ ಸಂಗತಿಯು ಅಷ್ಟಾಗಿ ಪ್ರಚಾರದಲ್ಲಿಲ್ಲ. ಸಾರ್ವಜನಿಕರ ಮಾಹಿತಿಗಾಗಿ ಅದನ್ನು ಇಲ್ಲಿ ಕೊಂಚ ವಿವರವಾಗಿ ನೀಡಲಾಗಿದೆ.

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ ಅವರು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ರತನ್‌ಜಿ ದಾದಾಭಾಯ್ ಟಾಟಾ ಅವರು ಜಮ್‌ಷೆಟ್‌ಜಿ ಟಾಟಾ ಅವರ ಸಂಬಂಧಿಕರು ಹಾಗೂ ವ್ಯವಹಾರದಲ್ಲಿ ಸಹವರ್ತಿಗಳು. ತಾಯಿ ಸುಜಾನ್ ಫ್ರಾನ್ಸ್ ದೇಶದವರು. ಬಾಲ್ಯವು ಫ್ರಾನ್ಸ್, ಮುಂಬಯಿ ಹಾಗೂ ಜಪಾನಿನ ಯೊಕೊಹಾಮಾ ನಗರಗಳ ನಡುವೆ ಕಳೆಯಿತು. ಬೇಸಿಗೆಯ ರಜೆಯಲ್ಲಿ ಕುಟುಂಬವು ಉತ್ತರ ಫ್ರಾನ್ಸಿನ ಹಾರ್ಡೆಲೊ ಎಂಬ ಕಡಲತೀರದ ಊರಿಗೆ ಹೋಗುತ್ತಿತ್ತು. 1909ರಲ್ಲಿ ವಿಮಾನದ ಮೂಲಕ ಇಂಗ್ಲಿಷ್ ಕಾಲುವೆಯನ್ನು ಮೊದಲ ಬಾರಿಗೆ ದಾಟಿದ ಲೂಯಿ ಬ್ಲೇರಿಯೊ ಅವರ ಮನೆಯೂ ಅಲ್ಲಿಯೇ ಇತ್ತು. ಮರಳಿನ ಮೇಲೆ ಇಳಿಯುತ್ತಿದ್ದ ವಿಮಾನಗಳನ್ನು ಬಾಲಕ ಜಹಾಂಗೀರ್ ಕಣ್ತುಂಬ ನೋಡಿದರು. ಹದಿನೈದನೇ ವಯಸ್ಸಿನಲ್ಲಿ ಒಮ್ಮೆ ಪ್ರಯಾಣಿಕರಾಗಿ ವಿಮಾನವನ್ನು ಏರಿದರು. ಮುಂದೆ ತಾವೇ ವಿಮಾನವನ್ನು ನಡೆಸಬೇಕೆಂಬ ಸಂಕಲ್ಪವು ಅಂದೇ ಅವರಲ್ಲಿ ಮೂಡಿತು.

ಆದರೆ ಈ ಸಂಕಲ್ಪವು ಈಡೇರಲು ಸುಮಾರು ಒಂಬತ್ತು ವರ್ಷಗಳು ಹಿಡಿದವು. ಫ್ರೆಂಚ್ ಸೈನ್ಯದಲ್ಲಿ ಕಡ್ಡಾಯ ಸೇವೆಯನ್ನು ಸಲ್ಲಿಸಿ, ಕೇಂಬ್ರಿಜ್‌ನಲ್ಲಿ ಓದಬೇಕೆಂಬ ಆಸೆಯನ್ನು ಕೈಬಿಟ್ಟು, ತಂದೆಯವರ ಸೂಚನೆಯಂತೆ 1925ರಲ್ಲಿ ಮುಂಬಯಿಗೆ ಬಂದು ಟಾಟಾ ಸಂಸ್ಥೆಯಲ್ಲಿ ವೇತನರಹಿತ ಅಭ್ಯರ್ಥಿಯಾಗಿ ಸೇರಿದರು. ಮರುವರ್ಷವೇ ತಂದೆ ನಿಧನರಾದರು. ಕುಟುಂಬದ ಹೊಣೆಯು ಇಪ್ಪತ್ತೆರಡರ ಹರೆಯದಲ್ಲಿಯೇ ಹೆಗಲೇರಿತು. ಅಂದಿನ ದಿನಗಳಲ್ಲಿ ಹಾರಾಟವನ್ನು ಕಲಿಯಬೇಕೆಂದರೂ ಕಲಿಸುವ ವ್ಯವಸ್ಥೆಯು ಭಾರತದಲ್ಲಿ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ವಿಮಾನ ನಡೆಸಿದ ಕೆಲವರು ಭಾರತೀಯರಿದ್ದರು, ನಿಜ. ಅವರೆಲ್ಲರೂ ವಿದೇಶದಲ್ಲಿ ಕಲಿತವರು.

ಈ ಕೊರತೆಯನ್ನು ನೀಗಿಸಿದ್ದು ಫ್ಲೈಯಿಂಗ್ ಕ್ಲಬ್‌ಗಳು. ಬ್ರಿಟನ್ನಿನಲ್ಲಿ 1925ರಿಂದ ಸರ್ಕಾರವು ಇಂತಹ ಕ್ಲಬ್‌ಗಳಿಗೆ ವಿಮಾನ ಹಾಗೂ ಧನಸಹಾಯವನ್ನು ನೀಡಿ, ಸಾಧಾರಣ ವರಮಾನದವರೂ ಹಾರಾಟ ಕಲಿಯುವಂತೆ ಮಾಡಿತ್ತು. ಅದೇ ಮಾದರಿಯು ಇಲ್ಲಿಗೂ ಬಂದಿತು. 1927ರಲ್ಲಿ ಭಾರತದಲ್ಲಿ ನಾಗರಿಕ ವಿಮಾನಯಾನ ಇಲಾಖೆಯು ಸ್ಥಾಪನೆಯಾಯಿತು. ಅದೇ ವರ್ಷ ಏರೋ ಕ್ಲಬ್ ಆಫ್ ಇಂಡಿಯಾ ಅಂಡ್ ಬರ್ಮಾ ಆರಂಭಗೊಂಡಿತು. ಇದಾದ ಸ್ವಲ್ಪ ಕಾಲದಲ್ಲೇ ದೆಹಲಿ, ಮುಂಬಯಿ, ಕರಾಚಿ, ಕಲ್ಕತ್ತಾ ನಗರಗಳಲ್ಲಿ ಕ್ಲಬ್‌ಗಳು ತೆರೆದವು. ಅವುಗಳಿಗೆ ದೊರೆತದ್ದು ಡಿ ಹ್ಯಾವಿಲೆಂಡ್ ಕಂಪನಿಯ ಮಾತ್ ವಿಮಾನಗಳು. ಮಾತ್ ಎಂದರೆ ಪತಂಗ. ಮರದ ಚೌಕಟ್ಟು, ಅದರ ಮೇಲೆ ಬಟ್ಟೆಯ ಹೊದಿಕೆ, ಮುಂದೆ ಒಂದು ಚಿಕ್ಕ ಎಂಜಿನ್, ಮೇಲ್ಛಾವಣಿಯಿಲ್ಲದ ಎರಡು ಆಸನಗಳು, ಎರಡು ಆಸನಗಳಿಗೂ ಪ್ರತ್ಯೇಕ ಚಾಲನಾ ದಂಡ. ಶಿಷ್ಯನು ತಪ್ಪಿದರೆ ಗುರುವು ತನ್ನ ದಂಡದಿಂದ ಸರಿಪಡಿಸಬಹುದಿತ್ತು. ಗಾಳಿಯ ಭೋರ್ಗರೆತದ ನಡುವೆ ಇಬ್ಬರೂ ಒಂದು ಕೊಳವೆಯ ಮೂಲಕ ಮಾತನಾಡಬೇಕಿತ್ತು. ರೆಕ್ಕೆಗಳನ್ನು ಹಿಂದಕ್ಕೆ ಮಡಚಿದರೆ ಇಡೀ ವಿಮಾನವು ಕಡಿಮೆ ಜಾಗದಲ್ಲಿ ಹಿಡಿಸುತ್ತಿತ್ತು. ಕ್ಲಬ್‌ನ ಲೆಕ್ಕಪತ್ರವನ್ನು ನೋಡಿಕೊಳ್ಳುವವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಮುಂಬಯಿ ಕ್ಲಬ್ ಆರಂಭವಾದ ಸುದ್ದಿಯನ್ನು ತಿಳಿದೊಡನೆ ಶ್ರೀ ಟಾಟಾ ಅವರು ಸದಸ್ಯರಾದರು. ಶಿಕ್ಷಕರೊಂದಿಗೆ ನಾಲ್ಕು ಗಂಟೆಗೂ ಕಡಿಮೆ ಕಾಲ ಹಾರಿದ ಬಳಿಕ ಒಬ್ಬರೇ ಹಾರಲು ಅನುಮತಿ ಪಡೆದರು. ಪರವಾನಗಿಯ ಪರೀಕ್ಷೆಯಲ್ಲಿ ಅಭ್ಯರ್ಥಿಯು ಏಕಾಂಗಿಯಾಗಿ ಮೇಲೇರಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿ, ಬಳಿಕ ಎಂಜಿನ್‌ನ ನೆರವಿಲ್ಲದೆ ಜಾರಿ ಬಂದು ಗುರುತು ಹಾಕಿದ ಸ್ಥಳದ ಸಮೀಪ ಇಳಿಯಬೇಕಿತ್ತು. ಇದನ್ನು ಪೂರೈಸಿ 1929ರ ಫೆಬ್ರವರಿ 10ರಂದು ಅವರು ಏರೋ ಕ್ಲಬ್‌ನಿಂದ ಪರವಾನಗಿಯನ್ನು ಪಡೆದರು. ಅದರ ಮೇಲೆ ನಮೂದಾಗಿದ್ದ ಸಂಖ್ಯೆ 1. ಮುಂದಿನ ಜೀವನದಲ್ಲಿ ಅವರಿಗೆ ಸಂದ ಪದವಿ, ಪ್ರಶಸ್ತಿಗಳು ಹಲವಾರು. ಆದರೂ ಈ ಚಿಕ್ಕ ಪುಸ್ತಿಕೆಯು ಅವರಿಗೆ ಅತ್ಯಂತ ಪ್ರಿಯವಾಗಿತ್ತು. ಅದೇ ವರ್ಷ ಅವರು ಫ್ರೆಂಚ್ ಪೌರತ್ವವನ್ನು ತ್ಯಜಿಸಿದರು.

ಕ್ಲಬ್‌ಗಳಲ್ಲಿ ಕಲಿತ ಯುವಕರಿಗೆ ತಮ್ಮ ಸಾಮರ್ಥ್ಯವನ್ನು ತೋರಿಸುವ ಸಂದರ್ಭವು ಶೀಘ್ರದಲ್ಲಿಯೇ ಒದಗಿತು. ಇಂಗ್ಲೆಂಡ್ ಮತ್ತು ಭಾರತದ ನಡುವೆ ಏಕಾಂಗಿಯಾಗಿ ಹಾರುವ ಪ್ರಥಮ ಭಾರತೀಯನಿಗೆ 500 ಪೌಂಡ್ ಬಹುಮಾನವನ್ನು ಆಗಾ ಖಾನ್ ಅವರು ಘೋಷಿಸಿದರು. ಯಾವ ದಿಕ್ಕಿನಿಂದ ಬೇಕಾದರೂ ಹೊರಡಬಹುದಿತ್ತು. ಆದರೆ ಹೊರಟ ಬಳಿಕ ಒಂದು ತಿಂಗಳೊಳಗೆ ಗುರಿಯನ್ನು ಸೇರಬೇಕೆಂಬ ಷರತ್ತು ಇತ್ತು. 1930ರಲ್ಲಿ ಮೂವರು ಕಣಕ್ಕಿಳಿದರು. ರಾವಲ್ಪಿಂಡಿಯ ಮನಮೋಹನ್ ಸಿಂಗ್, ಕರಾಚಿಯ ಅಸ್ಪಿ ಎಂಜಿನಿಯರ್ ಹಾಗೂ ಶ್ರೀ ಟಾಟಾ. ಇವರಲ್ಲಿ ಅಸ್ಪಿ ಅವರಿಗೆ ಆಗ ಕೇವಲ ಹದಿನೇಳು ವರ್ಷ.

ಮನಮೋಹನ್ ಸಿಂಗ್ ಅವರು ತಮ್ಮ ವಿಮಾನಕ್ಕೆ ಮಿಸ್ ಇಂಡಿಯಾ ಎಂದು ಹೆಸರಿಟ್ಟಿದ್ದರು. ದಾರಿತಪ್ಪಿ ಹಿಂತಿರುಗಿ, ಮತ್ತೆ ಹೊರಟು, ಕಡೆಗೂ ಛಲ ಬಿಡದೆ ಭಾರತವನ್ನು ತಲುಪಿದರು. ಆದರೆ ಒಂದು ತಿಂಗಳ ಅವಧಿಯು ಮೀರಿತ್ತು. ಹೀಗಾಗಿ ಬಹುಮಾನಕ್ಕೆ ಪರಿಗಣಿಸಲಾಗಲಿಲ್ಲ. ಷರತ್ತು ಷರತ್ತೇ ಎಂಬುದನ್ನು ಒಪ್ಪಿಕೊಂಡರೂ, ಈ ಪ್ರಸಂಗವನ್ನು ಓದುವಾಗ ಆ ಶೂರನ ಬಗ್ಗೆ ಮರುಕ ಉಂಟಾಗದಿರದು.

ಶ್ರೀ ಟಾಟಾ ಅವರು ಮೇ ತಿಂಗಳ ಆರಂಭದಲ್ಲಿ ಜಿಪ್ಸಿ ಮಾತ್ ವಿಮಾನದಲ್ಲಿ ಕರಾಚಿಯಿಂದ ಪಶ್ಚಿಮಕ್ಕೆ ಹೊರಟರು. ಅಸ್ಪಿ ಅವರು ಇಂಗ್ಲೆಂಡಿನಿಂದ ಪೂರ್ವಕ್ಕೆ ಹೊರಟಿದ್ದರು. ರೇಡಿಯೊ ಸಂಪರ್ಕವಿಲ್ಲ. ನಕ್ಷೆ, ದಿಕ್ಸೂಚಿ ಮತ್ತು ಕಣ್ಣುಗಳೇ ಆಧಾರ. ಈಜಿಪ್ಟಿನ ಅಬೂಕಿರ್ ನೆಲೆಯಲ್ಲಿ ಇಳಿದಾಗ ಶ್ರೀ ಟಾಟಾ ಅವರಿಗೆ ಮತ್ತೊಂದು ಮಾತ್ ವಿಮಾನವು ನಿಂತಿರುವುದು ಕಾಣಿಸಿತು. ಅದು ಅಸ್ಪಿ ಅವರದು. ಎಂಜಿನ್‌ಗೆ ಅಗತ್ಯವಾದ ಸ್ಪಾರ್ಕ್ ಪ್ಲಗ್‌ಗಳಿಲ್ಲದೆ ಆ ಹುಡುಗ ಮುಂದೆ ಹೋಗಲಾರದೆ ನಿಂತಿದ್ದ. ಸ್ಪರ್ಧೆಯ ನಿಯಮಗಳ ಪ್ರಕಾರ ಎದುರಾಳಿಗೆ ನೆರವಾಗಬೇಕೆಂದು ಎಲ್ಲಿಯೂ ಇರಲಿಲ್ಲ. ಸುಮ್ಮನೆ ಇಂಧನವನ್ನು ತುಂಬಿಸಿಕೊಂಡು ಹೊರಟಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಶ್ರೀ ಟಾಟಾ ಅವರು ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್‌ಗಳನ್ನು ತೆಗೆದುಕೊಟ್ಟರು. ಕೃತಜ್ಞತೆಯಿಂದ ಅಸ್ಪಿ ಅವರು ಸಮುದ್ರವನ್ನು ದಾಟುವಾಗ ಉಪಯೋಗಕ್ಕೆ ಬರಲೆಂದು ತಮ್ಮ ಜೀವರಕ್ಷಕ ಅಂಗಿಯನ್ನು ನೀಡಿದರೆಂದು ಹೇಳಲಾಗುತ್ತದೆ. ಇಬ್ಬರೂ ತಮ್ಮ ತಮ್ಮ ದಿಕ್ಕಿಗೆ ಹಾರಿದರು. ಕೆಲವೇ ಗಂಟೆಗಳ ಅಂತರದಲ್ಲಿ ಬಹುಮಾನವು ಅಸ್ಪಿ ಎಂಜಿನಿಯರ್ ಅವರ ಪಾಲಾಯಿತು.

ಸೋಲಿನ ಬಗ್ಗೆ ಶ್ರೀ ಟಾಟಾ ಅವರು ಎಂದೂ ವಿಷಾದಿಸಲಿಲ್ಲ. ಈ ಗೆಲುವು ಅಸ್ಪಿ ಅವರಿಗೆ ವಾಯುಪಡೆಯ ದಾರಿಯನ್ನು ಸುಗಮಗೊಳಿಸಿತೆಂದು ಸಂತೋಷಪಟ್ಟರು. ಅದು ಸುಳ್ಳಾಗಲಿಲ್ಲ. 1960ರಿಂದ 1964ರವರೆಗೆ ಅಸ್ಪಿ ಎಂಜಿನಿಯರ್ ಅವರು ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಮನಮೋಹನ್ ಸಿಂಗ್ ಅವರೂ ವಾಯುಪಡೆಯನ್ನು ಸೇರಿದರು. 1942ರ ಮಾರ್ಚ್ 3ರಂದು ಆಸ್ಟ್ರೇಲಿಯಾದ ಬ್ರೂಮ್ ಬಂದರಿನ ಮೇಲೆ ಜಪಾನೀಯರು ನಡೆಸಿದ ದಾಳಿಯಲ್ಲಿ ವೀರಮರಣವನ್ನು ಹೊಂದಿದರು.

ಹವ್ಯಾಸವನ್ನು ಸಾರ್ವಜನಿಕ ಸೇವೆಯಾಗಿ ಪರಿವರ್ತಿಸುವ ಯೋಜನೆಯನ್ನು ಶ್ರೀ ಟಾಟಾ ಅವರ ಮುಂದಿಟ್ಟವರು ಬ್ರಿಟಿಷ್ ವಾಯುಪಡೆಯ ಮಾಜಿ ಚಾಲಕ ನೆವಿಲ್ ವಿನ್ಸೆಂಟ್. ಲಂಡನ್ನಿನಿಂದ ಬರುವ ಅಂಚೆಯು 1929ರಿಂದ ವಿಮಾನದಲ್ಲಿ ಕರಾಚಿಯವರೆಗೆ ಬರುತ್ತಿತ್ತು. ಅಲ್ಲಿಂದ ಮುಂಬಯಿ ಮತ್ತು ಮದರಾಸಿಗೆ ಅದನ್ನು ವಿಮಾನದಲ್ಲಿಯೇ ಏಕೆ ಒಯ್ಯಬಾರದು? ಟಾಟಾ ಸಂಸ್ಥೆಯ ಹಿರಿಯರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಹಿರಿಯ ಅಧಿಕಾರಿ ಜಾನ್ ಪೀಟರ್ಸನ್ ಅವರ ಬೆಂಬಲದಿಂದ ಅದು ಸಾಧ್ಯವಾಯಿತು. ಸರ್ಕಾರವನ್ನು ಒಪ್ಪಿಸುವುದು ಇನ್ನೂ ಕಠಿಣವಾಯಿತು. ಆರ್ಥಿಕ ಕುಸಿತದ ಕಾಲ ಅದು. ಸಹಾಯಧನ ಇಲ್ಲವೆಂದು ತಿಳಿಸಲಾಯಿತು. ಪ್ರಸ್ತಾವನೆಯು ಸುಮಾರು ಮೂರು ವರ್ಷ ಕಡತದಲ್ಲಿಯೇ ಉಳಿಯಿತು. ಕಡತಗಳ ನಡುವೆ ಕೆಲಸ ಮಾಡುವ ಈ ಬರಹಗಾರನಿಗೆ ಅದರಲ್ಲಿ ಆಶ್ಚರ್ಯವೇನೂ ತೋರುವುದಿಲ್ಲ. ಆಶ್ಚರ್ಯವೆಂದರೆ ಅರ್ಜಿದಾರರು ಬೇಸತ್ತು ಕೈಬಿಡದಿದ್ದುದು. ಸಹಾಯಧನವಿಲ್ಲದೆ, ಸಾಗಿಸಿದ ಅಂಚೆಗೆ ಮಾತ್ರ ಹಣ ಪಡೆಯುವ ಷರತ್ತಿನ ಮೇಲೆ 1932ರ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು.

1932ರ ಅಕ್ಟೋಬರ್ 15ರ ಮುಂಜಾನೆ ಶ್ರೀ ಟಾಟಾ ಅವರು ಒಂಟಿ ಎಂಜಿನ್‌ನ ಪುಸ್ ಮಾತ್ ವಿಮಾನದಲ್ಲಿ ಸುಮಾರು 25 ಕಿಲೋ ಅಂಚೆಯೊಂದಿಗೆ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದಾಗ ಇಂಧನದ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಮಧ್ಯಾಹ್ನದ ವೇಳೆಗೆ ಮುಂಬಯಿಯ ಜುಹು ತಲುಪಿದರು. ಅಲ್ಲಿ ಅಂಚೆಯ ಚೀಲಗಳನ್ನು ಎರಡನೆಯ ಪುಸ್ ಮಾತ್ ವಿಮಾನಕ್ಕೆ ಏರಿಸಲಾಯಿತು. ವಿನ್ಸೆಂಟ್ ಅವರು ಅದನ್ನು ನಡೆಸಿಕೊಂಡು ನಮ್ಮ ಬಳ್ಳಾರಿಗೆ ಬಂದರು. ಬಳ್ಳಾರಿಯು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ರಾತ್ರಿ ಅಲ್ಲಿ ತಂಗಿ ಮರುದಿನ ಮದರಾಸನ್ನು ಸೇರಿದರು. ಟಾಟಾ ಸಂಸ್ಥೆಯ ಮೊಟ್ಟಮೊದಲ ನಿಯಮಿತ ವಿಮಾನ ಸೇವೆಯ ನಕ್ಷೆಯಲ್ಲಿ ನಮ್ಮ ರಾಜ್ಯದ ಒಂದು ಊರು ಇದ್ದಿತೆಂಬುದನ್ನು ಓದುಗರು ಗಮನಿಸಬಹುದು.

ಜುಹುವಿನ ನಿಲ್ದಾಣವೆಂದರೆ ಕಡಲಂಚಿನ ಕೆಸರು ಬಯಲು. ಮಳೆಗಾಲದಲ್ಲಿ ಅದು ಮುಳುಗುತ್ತಿದ್ದುದರಿಂದ ಕಾರ್ಯಾಚರಣೆಯನ್ನು ಪುಣೆಗೆ ಸ್ಥಳಾಂತರಿಸಬೇಕಾಗುತ್ತಿತ್ತು. ಆದಾಗ್ಯೂ ಮೊದಲ ವರ್ಷದಲ್ಲಿ 1,60,000 ಮೈಲಿ ಹಾರಾಟ ನಡೆಯಿತು. 155 ಪ್ರಯಾಣಿಕರು ಪ್ರಯಾಣಿಸಿದರು. ಸುಮಾರು 10 ಟನ್ ಅಂಚೆಯು ಸಾಗಿತು. ಎಲ್ಲ ಖರ್ಚುಗಳನ್ನು ಕಳೆದು 60,000 ರೂಪಾಯಿ ಲಾಭ ದೊರೆಯಿತು. ಸಹಾಯಧನವಿಲ್ಲದ ಉದ್ಯಮವೊಂದರ ಮೊದಲ ವರ್ಷದ ಲೆಕ್ಕವೆಂದು ನೋಡಿದಾಗ ಇದರ ಬೆಲೆಯು ತಿಳಿಯುತ್ತದೆ. ವಿನ್ಸೆಂಟ್ ಅವರು 1942ರಲ್ಲಿ ಯುದ್ಧಕಾಲದ ವಿಮಾನ ಪ್ರಯಾಣವೊಂದರಲ್ಲಿ ಮೃತಪಟ್ಟರು.

1938ರಲ್ಲಿ ಶ್ರೀ ಟಾಟಾ ಅವರು ತಮ್ಮ 34ನೇ ವಯಸ್ಸಿನಲ್ಲಿ ಟಾಟಾ ಸನ್ಸ್ ಅಧ್ಯಕ್ಷರಾಗಿ, 1991ರವರೆಗೆ ಆ ಸ್ಥಾನದಲ್ಲಿದ್ದರು. ಉಕ್ಕು, ರಾಸಾಯನಿಕ, ವಾಹನ ಮೊದಲಾದ ಕ್ಷೇತ್ರಗಳಲ್ಲಿ ಅವರ ಕೊಡುಗೆಯು ಸುಪರಿಚಿತವಾದುದರಿಂದ ಇಲ್ಲಿ ವಿವರಿಸಿಲ್ಲ. ಅಂಚೆಯ ಸೇವೆಯೇ ಬೆಳೆದು 1946ರಲ್ಲಿ ಏರ್ ಇಂಡಿಯಾ ಎನಿಸಿತು. 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಅಂತರರಾಷ್ಟ್ರೀಯ ಸೇವೆಯು ಆರಂಭವಾಯಿತು. 1953ರಲ್ಲಿ ವಿಮಾನಯಾನವು ರಾಷ್ಟ್ರೀಕರಣಗೊಂಡಿತು. ಈ ಕ್ರಮವನ್ನು ಶ್ರೀ ಟಾಟಾ ಅವರು ವಿರೋಧಿಸಿದ್ದರು. ಆದರೂ ಸರ್ಕಾರದ ಕೋರಿಕೆಯಂತೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಅಧ್ಯಕ್ಷ ಸ್ಥಾನವನ್ನು ವಹಿಸಿಕೊಂಡು ಕಾಲು ಶತಮಾನ ದುಡಿದರು. ಪ್ರಯಾಣಿಕರಾಗಿ ವಿಮಾನವನ್ನು ಏರಿದಾಗಲೂ ಚಹಾ ಮತ್ತು ಕಾಫಿಯ ಬಣ್ಣದಿಂದ ಹಿಡಿದು ಪ್ರತಿಯೊಂದನ್ನೂ ಪರಿಶೀಲಿಸಿ ಟಿಪ್ಪಣಿ ಬರೆಯುತ್ತಿದ್ದರು. 1978ರ ಫೆಬ್ರವರಿಯಲ್ಲಿ ಸರ್ಕಾರವು ಅವರನ್ನು ಸ್ಥಾನದಿಂದ ಕೈಬಿಟ್ಟಿತು. ಇದು ಅವರ ಮನಸ್ಸಿಗೆ ಆಳವಾದ ನೋವನ್ನು ಉಂಟುಮಾಡಿತು. 1980ರಲ್ಲಿ ಅವರನ್ನು ಪುನಃ ನಿರ್ದೇಶಕ ಮಂಡಳಿಗೆ ನೇಮಿಸಲಾಯಿತು.

1982ರ ಅಕ್ಟೋಬರ್ 15ರಂದು, ಮೊದಲ ಅಂಚೆ ಹಾರಾಟಕ್ಕೆ ಐವತ್ತು ವರ್ಷ ತುಂಬಿದಾಗ, 78 ವರ್ಷದ ಶ್ರೀ ಟಾಟಾ ಅವರು ಲೆಪರ್ಡ್ ಮಾತ್ ಎಂಬ ಹಳೆಯ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಒಬ್ಬರೇ ಹಾರಿ ಬಂದರು. 1992ರಲ್ಲಿ ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು. ಅವರ ಸಮಾಧಿಯು ಜನ್ಮಸ್ಥಳವಾದ ಪ್ಯಾರಿಸ್‌ನ ಪೆರ್ ಲಾಷೇಜ್ ಸ್ಮಶಾನದಲ್ಲಿದೆ. ಏರ್ ಇಂಡಿಯಾ ಸಂಸ್ಥೆಯು 2022ರ ಜನವರಿ 27ರಂದು ಟಾಟಾ ಸಮೂಹಕ್ಕೆ ಮರಳಿತು.